ಓನೋರ್ ಎಲ್ಲಿದೆ?

ಭೂಮಿಯನ್ನೇ ಒಂದು ಸುತ್ತು ಹಾಕಿ ಬಂದ ಇಟಲಿಯ ವಕೀಲನೊಬ್ಬ 1695ರ ಮಾರ್ಚ್ ತಿಂಗಳಲ್ಲಿ ನಮ್ಮ ಕಿತ್ತೂರು, ಬೈಲಹೊಂಗಲದ ಸೀಮೆಯನ್ನು ಹಾದು ಹೋಗಿದ್ದಾನೆ. ಹೆಸರು ಜೊವಾನ್ನಿ ಫ್ರಾಂಚೆಸ್ಕೊ ಜೆಮೆಲ್ಲಿ ಕರೇರಿ. ಅವನು ಯಾವ ರಾಜನ ರಾಯಭಾರಿಯೂ ಅಲ್ಲ, ಯಾವ ಕಂಪನಿಯ ನೌಕರನೂ ಅಲ್ಲ, ಪಾದ್ರಿಯೂ ಅಲ್ಲ. ಜಗತ್ತನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ಒಂದಿತ್ತು. ಅದಕ್ಕಾಗಿ ಸ್ವಂತ ಗಂಟಿನ ಹಣ ಕಟ್ಟಿಕೊಂಡು ಮನೆ ಬಿಟ್ಟವನು. ಚೀನಾದ ಅರಸ, ಮೆಕ್ಸಿಕೋದ ಪಿರಮಿಡ್ಡು, ಮಹಾಸಾಗರದ ಹಡಗು ಇವುಗಳ ಜೊತೆಗೆ ಬೆಳಗಾವಿ ಜಿಲ್ಲೆಯ ನಾಲ್ಕಾರು ಹಳ್ಳಿಗಳ ಹೆಸರೂ ಅವನ ಪುಸ್ತಕದಲ್ಲಿವೆ. ಆ ಹೆಸರುಗಳ ಬೆನ್ನು ಹತ್ತಿದ ಕಥೆ ಇದು.

ಕರೇರಿ ಹುಟ್ಟಿದ್ದು 1651ರಲ್ಲಿ, ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಲ್ಲಿ. ನೇಪಲ್ಸಿನಲ್ಲಿ ಜೆಸ್ಯುಯಿಟರ ಕೈಕೆಳಗೆ ಓದಿ, ಕಾನೂನಿನಲ್ಲಿ ಡಾಕ್ಟರ್ ಪದವಿ ಪಡೆದ. ನ್ಯಾಯಾಂಗದ ನೌಕರಿಯೂ ಸಿಕ್ಕಿತು. ಆದರೆ ಆ ಕಾಲದ ನೇಪಲ್ಸಿನಲ್ಲಿ ಮೇಲಿನ ಹುದ್ದೆ ಬೇಕಾದರೆ ವಿದ್ಯೆ ಸಾಲದು, ದೊಡ್ಡ ಮನೆತನದ ರಕ್ತ ಬೇಕು. ಅದು ಅವನಲ್ಲಿರಲಿಲ್ಲ. ಅವಮಾನ ನುಂಗಿಕೊಂಡು ಕೂಡುವ ಬದಲು ಅವನು ಮೊದಲು ಯೂರೋಪ್ ಸುತ್ತಿದ, ತುರ್ಕರ ಮೇಲೆ ನಡೆಯುತ್ತಿದ್ದ ಹಂಗೇರಿಯ ಯುದ್ಧರಂಗವನ್ನೂ ಕಂಡ. ಆ ಪ್ರವಾಸದ ಪುಸ್ತಕ 1693ರಲ್ಲಿ ಅಚ್ಚಾಯಿತು. ಅದೇ ವರ್ಷ ಜೂನ್ 13ರಂದು ನೇಪಲ್ಸಿನಿಂದ ಮತ್ತೆ ಹೊರಟ. ಈ ಸಲ ಹೊರಟವನು ಈಜಿಪ್ಟು, ಪವಿತ್ರ ನಾಡು, ತುರ್ಕಿ, ಅರ್ಮೇನಿಯಾ, ಪರ್ಷಿಯಾ, ಹಿಂದೂಸ್ತಾನ, ಚೀನಾ, ಫಿಲಿಪ್ಪೀನ್ಸ್, ಮೆಕ್ಸಿಕೋ, ಕ್ಯೂಬಾ, ಸ್ಪೇನುಗಳನ್ನು ಹಾದು 1698ರ ಡಿಸೆಂಬರ್ 3ರಂದು ನೇಪಲ್ಸಿಗೆ ಮರಳಿದ. ಐದು ವರ್ಷ, ಐದು ತಿಂಗಳು, ಇಪ್ಪತ್ತು ದಿನ. 1699–1700ರಲ್ಲಿ ಆರು ಸಂಪುಟಗಳ ‘ಜಿರೊ ದೆಲ್ ಮೊಂದೊ’ ಹೊರಬಂತು. ಒಂದೊಂದು ದೇಶಕ್ಕೆ ಒಂದೊಂದು ಸಂಪುಟ, ಮೂರನೆಯದು ನಮ್ಮದು.

ಅವನು ಖರ್ಚು ತೂಗಿಸಿದ ರೀತಿ ನನಗೆ ಬಹಳ ಹಿಡಿಸಿತು. ಒಂದು ಊರಿನಲ್ಲಿ ಅಗ್ಗವಾಗಿ ಸಿಗುವ ಮಾಲನ್ನು ಕೊಂಡು ಮುಂದಿನ ಊರಿನಲ್ಲಿ ಮಾರುವುದು. ತನ್ನ ಹಾಗೆ ಹೊರಡುವವರಿಗೂ ಅದನ್ನೇ ಹೇಳಿಕೊಟ್ಟಿದ್ದಾನೆ: ಪರ್ಷಿಯಾದ ಬಂದರ್ ಅಬ್ಬಾಸಿನಲ್ಲಿ ಖರ್ಜೂರ, ದ್ರಾಕ್ಷಾರಸ, ಒಣಗಿಸಿದ ಹಣ್ಣು, ಸಿರ್ಕಾದಲ್ಲಿ ಹಾಕಿದ ಹಣ್ಣು ತೆಗೆದುಕೊಳ್ಳಿ, ಹಿಂದೂಸ್ತಾನದಲ್ಲಿ ಒಳ್ಳೆಯ ಲಾಭ ಬರುತ್ತದೆ ಎಂದು. ಸ್ವಂತ ಹಡಗಿಲ್ಲ, ಸಿಪಾಯಿಗಳಿಲ್ಲ. ಬಾಡಿಗೆಯ ಕುದುರೆ, ಬಾಡಿಗೆಯ ದೋಣಿ, ಯಾರದೋ ಹೇರೆತ್ತಿನ ಸಾಲಿನ ಹಿಂದೆ ಪಯಣ. ಅವನಿಗಿಂತ ಮೊದಲು ಲೋಕ ಸುತ್ತಿದವರು ಹೆಚ್ಚಿನವರು ನೌಕಾಪಡೆಯವರು, ಕೊಳ್ಳೆ ಹೊಡೆಯುವವರು, ಇಲ್ಲವೇ ಅವರ ಜೊತೆ ಹೊರಟವರು. ದಾರಿಹೋಕನಾಗಿ, ದಾರಿಯಲ್ಲಿ ಸಿಕ್ಕ ಸಾರಿಗೆಯನ್ನೇ ನಂಬಿ ಭೂಮಿ ಸುತ್ತಿದವರಲ್ಲಿ ಇವನು ಮೊದಲಿಗರಲ್ಲಿ ಒಬ್ಬ.

ಇಂಥವನನ್ನು ಲೋಕ ನಂಬಲಿಲ್ಲ. ಪುಸ್ತಕ ಬಂದ ಮೇಲೆ ಗುಮಾನಿ ಎದ್ದಿತು. ಪೀಕಿಂಗಿನಲ್ಲಿ ಕಾಂಗ್ಷಿ ಚಕ್ರವರ್ತಿಯನ್ನು ಕಂಡೆ ಎಂದದ್ದನ್ನು ಜೆಸ್ಯುಯಿಟ್ ವಲಯದಲ್ಲೇ ಕೆಲವರು ಒಪ್ಪಲಿಲ್ಲ. ಮುಂದೆ ಸ್ಕಾಟ್ಲೆಂಡಿನ ಇತಿಹಾಸಕಾರ ವಿಲಿಯಂ ರಾಬರ್ಟ್‌ಸನ್ ಈ ಮನುಷ್ಯ ಇಟಲಿ ಬಿಟ್ಟು ಹೊರಗೆ ಹೋದದ್ದೇ ಸುಳ್ಳಿರಬೇಕು ಎಂಬ ಮಾತಿಗೆ ಜಾಗ ಕೊಟ್ಟ. ಮನೆಯಲ್ಲಿ ಕುಳಿತು, ಬೇರೆಯವರ ಪುಸ್ತಕಗಳನ್ನು ಕತ್ತರಿಸಿ ಜೋಡಿಸಿದ್ದಾನೆ ಎಂಬುದು ಆರೋಪ. ಕರೇರಿಯ ಪಾಲಿಗೆ ಗಟ್ಟಿ ಸಾಕ್ಷಿ ಹೇಳಿದವನು ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಹಂಬೋಲ್ಟ್. ಹಂಬೋಲ್ಟ್ ತಾನೇ ಅಕಾಪುಲ್ಕೋದಿಂದ ಮೆಕ್ಸಿಕೋ ನಗರದವರೆಗೆ ಆ ದಾರಿಯನ್ನು ತುಳಿದು, ಕರೇರಿ ಬರೆದ ವಿವರಗಳು ಆ ನೆಲವನ್ನು ಕಂಡವನಿಗಲ್ಲದೆ ಬೇರೆಯವರಿಗೆ ಬರೆಯಲು ಸಾಧ್ಯವಿಲ್ಲ ಎಂದು ತೀರ್ಪು ಕೊಟ್ಟ. ಮೆಕ್ಸಿಕೋಕ್ಕೆ ಹಂಬೋಲ್ಟ್ ಸಿಕ್ಕ. ಬೆಳಗಾವಿ ಜಿಲ್ಲೆಗೆ?

ಈ ಪ್ರಶ್ನೆಯೇ ನನ್ನನ್ನು ದಾರಿಗೆ ಹಚ್ಚಿತು. ಕರೇರಿ ಸುಳ್ಳುಗಾರನೋ ನಿಜ ಹೇಳಿದವನೋ ಎಂಬುದನ್ನು ಅವನು ಗಲಗಲಿಯಲ್ಲಿ ಕಂಡೆನೆಂದು ಬರೆದ ಔರಂಗಜೇಬನ ದರ್ಬಾರಿನ ವರ್ಣನೆಯಿಂದ ತೀರ್ಮಾನಿಸಲು ಬರುವುದಿಲ್ಲ. ದರ್ಬಾರಿನ ವರ್ಣನೆ ಅವನಿಗಿಂತ ಮೊದಲು ಬಂದ ಫ್ರೆಂಚ್ ಪ್ರವಾಸಿಗಳಾದ ಬರ್ನಿಯೆಯಲ್ಲಿ ಇತ್ತು, ತೆವೆನೋನಲ್ಲಿ ಇತ್ತು. ಕದಿಯುವವನಿಗೆ ಸರಕು ಬೇಕಾದಷ್ಟಿತ್ತು. ಆದರೆ ಸಾಂಬ್ರಾಣಿಯಿಂದ ಮುಧೋಳದ ತನಕದ ಹಳ್ಳಿಗಳ ಹೆಸರನ್ನು, ಅದೂ ನಡೆಯುವ ಕ್ರಮದಲ್ಲಿ, 1699ರ ನೇಪಲ್ಸಿನಲ್ಲಿ ಕುಳಿತು ಎಲ್ಲಿಂದ ಕದಿಯುವುದು? ಅಂಥ ಪುಸ್ತಕವೂ ಇರಲಿಲ್ಲ, ನಕಾಶೆಯೂ ಇರಲಿಲ್ಲ. ಪರೀಕ್ಷೆ ಆಗಬೇಕಾದರೆ ಅದು ನಮ್ಮ ಹೊಲಗಳ ನಡುವೆಯೇ ಆಗಬೇಕು.

ಮೂಲ ಇಟಾಲಿಯನ್ ಪುಸ್ತಕದ ಇಂಗ್ಲಿಷ್ ಅನುವಾದ ಲಂಡನ್ನಿನ ಚರ್ಚಿಲ್ ಸಂಕಲನದಲ್ಲಿ 1704ರಲ್ಲೇ ಅಚ್ಚಾಗಿತ್ತು. ನಮ್ಮ ದೇಶದಲ್ಲಿ ಅದರ ಹಿಂದೂಸ್ತಾನದ ಭಾಗವನ್ನು ತೆವೆನೋನ ಪ್ರವಾಸದ ಜೊತೆ ಸೇರಿಸಿ, ಟಿಪ್ಪಣಿ ಬರೆದು 1949ರಲ್ಲಿ ಪ್ರಕಟಿಸಿದವರು ರಾಷ್ಟ್ರೀಯ ಪತ್ರಾಗಾರದ ಸುರೇಂದ್ರನಾಥ ಸೇನ್. ಕರೇರಿಯ ಬಗ್ಗೆ ಕೆಲಸ ಮಾಡುವ ಯಾರೇ ಆಗಲಿ ಮೊದಲು ಹಿಡಿಯಬೇಕಾದ ಪುಸ್ತಕ ಅದು. ಮೇಜಿನ ಮೇಲೆ ಒಂದು ಕಡೆ ಅದು, ಇನ್ನೊಂದು ಕಡೆ 1884ರಲ್ಲಿ ಬಂದ ಮುಂಬಯಿ ಪ್ರಾಂತದ ಎರಡು ಗ್ಯಾಜೆಟಿಯರುಗಳು, ಬೆಳಗಾವಿಯದು 21ನೆಯ ಸಂಪುಟ, ವಿಜಾಪುರದ್ದು 23ನೆಯದು. ಅವುಗಳ ಕೆಳಗೆ ಸರ್ವೆ ಇಲಾಖೆಯ ಮೂರು ಹಾಳೆಗಳು: 48 ಐ, 47 ಎಲ್, 47 ಪಿ.

ಗೋವೆಯಿಂದ ಮಾರ್ಚ್ ಮೊದಲ ವಾರದಲ್ಲಿ ಹೊರಟ ಕರೇರಿ ಫೋಂಡಾ ದಾಟಿ, ಘಟ್ಟ ಹತ್ತಿ, ಸಾಂಬ್ರಾಣೆ ಎಂಬಲ್ಲಿಗೆ ಬರುತ್ತಾನೆ. ಅಲ್ಲಿಂದ ಮುಂದಕ್ಕೆ ಅವನ ಪಟ್ಟಿಯಲ್ಲಿ ಕಾಕೇರಿ, ಎಟ್ಕಿ, ಓನೋರ್, ಮಂದಾಪೂರ್, ಎದೋಆರ್, ಮುದೋಲ್ ಬರುತ್ತವೆ, ಕೊನೆಗೆ ಗಲಗಲಾ. ನಡುವೆ ಸಣ್ಣಪುಟ್ಟ ಹಳ್ಳಿಗಳೂ ಇವೆ. ಎರಡು ತುದಿಗಳ ಬಗ್ಗೆ ತಕರಾರಿಲ್ಲ. ಸಾಂಬ್ರಾಣೆ ಎಂದರೆ ಹಳಿಯಾಳ ತಾಲೂಕಿನ ಸಾಂಬ್ರಾಣಿ. ಗಲಗಲಾ ಎಂದರೆ ಕೃಷ್ಣೆಯ ದಂಡೆಯ ಗಲಗಲಿ, ಹರಿದಾಸ ಸಾಹಿತ್ಯ ಓದಿದವರಿಗೆ ಗಲಗಲಿ ಅವ್ವನ ಊರು. ಮುದೋಲ್ ಮುಧೋಳವೇ. ಕಷ್ಟ ಇರುವುದು ನಡುವಿನ ಹೆಸರುಗಳಲ್ಲಿ, ಯಾಕೆಂದರೆ ಹಲವಕ್ಕೆ ಅದೇ ಹೆಸರಿನ ದೊಡ್ಡ ಊರೊಂದು ಬೇರೆ ಕಡೆ ಕುಳಿತು ಓದುವವನನ್ನು ಕರೆಯುತ್ತದೆ.

ಎಟ್ಕಿ ಎಂದು ಓದಿದ ಕೂಡಲೇ ಇಟಗಿ ನೆನಪಾಗುತ್ತದೆ. ಇಟಗಿ ಎಂದ ಕೂಡಲೇ ಕೊಪ್ಪಳ ಜಿಲ್ಲೆಯ ಮಹಾದೇವ ದೇವಾಲಯ. ಆದರೆ ಸಾಂಬ್ರಾಣಿಯಿಂದ ಗಲಗಲಿಗೆ ಹೋಗುವವನು ಕೊಪ್ಪಳದ ಕಡೆ ತಿರುಗಲು ಕಾರಣವೇ ಇಲ್ಲ. ಖಾನಾಪುರ ತಾಲೂಕಿನಲ್ಲಿ ಇನ್ನೊಂದು ಇಟಗಿ ಇದೆ, ಕಿತ್ತೂರಿಗೆ ಹತ್ತಿರ. ಬೆಳಗಾವಿ–ಧಾರವಾಡ ಹೆದ್ದಾರಿಯಲ್ಲಿ ಓಡಾಡುವವರಿಗೆ ಇಟಗಿ ಕ್ರಾಸ್ ಗೊತ್ತು. ಅದಕ್ಕೂ ಸಾಂಬ್ರಾಣಿಗೂ ನಡುವೆ ಅದೇ ತಾಲೂಕಿನ ಕಕ್ಕೇರಿ, ಬಿಷ್ಟಮ್ಮನ ಜಾತ್ರೆಯ ಕಕ್ಕೇರಿ. ಕಾಕೇರಿ, ಎಟ್ಕಿ ಎರಡೂ ಕ್ರಮ ತಪ್ಪದೆ ಕುಳಿತವು. ಮಂದಾಪೂರ್ ವಿಷಯದಲ್ಲಿಯೂ ಹಾಗೆಯೇ. ವಿಜಯಪುರ ಜಿಲ್ಲೆಯ ಮಮದಾಪುರ, ಆದಿಲಶಾಹಿಯ ದೊಡ್ಡ ಕೆರೆಯಿಂದ ಹೆಸರಾದದ್ದು, ಕೃಷ್ಣೆಯ ಆಚೆ ಇದೆ. ಮುಧೋಳಕ್ಕಿಂತ ಮೊದಲು ಅದು ಬರಲಾರದು. ಗೋಕಾಕ ತಾಲೂಕಿನ ಮಮದಾಪುರವಾದರೆ ಸರಿಯಾಗಿ ದಾರಿಯ ಮೇಲಿದೆ. ಗಣಿತದ ವಿದ್ವಾಂಸ, ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿದ ಡಿ.ಸಿ. ಪಾವಟೆಯವರು ಹುಟ್ಟಿದ ಊರು ಅದು. ಎದೋಆರ್ ಎಂಬುದನ್ನು ಕನ್ನಡದ ಬಾಯಲ್ಲಿ ಹೇಳಿನೋಡಿದರೆ ಯಾದವಾಡ ತಾನಾಗಿ ಬರುತ್ತದೆ, ಮುಧೋಳಕ್ಕೆ ಮೊದಲಿನ ದೊಡ್ಡ ಊರು ಅದೇ.

ಉಳಿದದ್ದು ಓನೋರ್. ಪೋರ್ಚುಗೀಸರ ಎಲ್ಲ ಕಾಗದಪತ್ರಗಳಲ್ಲಿ ಓನೋರ್ ಎಂದರೆ ಹೊನ್ನಾವರ. ಗೋವೆಯಿಂದ ಬಂದ ಕರೇರಿಯ ಕಿವಿಗೂ ಆ ಹೆಸರು ಬಿದ್ದೇ ಇರುತ್ತದೆ. ಆದರೆ ಇಟಗಿಯಿಂದ ಮಮದಾಪುರಕ್ಕೆ ಹೋಗುವವನು ನಡುವೆ ಸಮುದ್ರ ದಂಡೆಗೆ ಇಳಿದು ಬರುವುದಿಲ್ಲ. ಹಾಗಾದರೆ ಈ ಎರಡು ಊರುಗಳ ನಡುವಿನ ಸುಮಾರು 50 ಕಿಲೋಮೀಟರ್ ನೆಲದಲ್ಲಿ ಓನೋರ್ ಎಂದು ಕೇಳಿಸಬಲ್ಲ ಊರು ಯಾವುದು? 48 ಐ ಹಾಳೆಯ ಮೇಲೆ ಇಟಗಿಗೂ ಮಮದಾಪುರಕ್ಕೂ ಅಳತೆಪಟ್ಟಿ ಹಿಡಿದೆ. ಮಲಪ್ರಭೆಯನ್ನು ದಾಟಿ, ಬೈಲಹೊಂಗಲವನ್ನು ಬಲಕ್ಕೆ ಬಿಟ್ಟು, ನೇಸರಗಿಯ ಸೀಮೆಗೆ ಬಂದಾಗ ಪಟ್ಟಿಯ ಅಂಚಿನಲ್ಲಿ ವಣ್ಣೂರ ಸಿಕ್ಕಿತು. ಬೈಲಹೊಂಗಲ ತಾಲೂಕಿನ ವಣ್ಣೂರ. ‘ವ’ಕಾರವನ್ನು ತುಟಿಯಂಚಿನಲ್ಲೇ ನುಂಗಿ ‘ಒಣ್ಣೂರ’ ಎನ್ನುವವರು ಇಂದಿಗೂ ಸಿಗುತ್ತಾರೆ. ಇಟಲಿಯವನೊಬ್ಬ ಅದನ್ನು ಕೇಳಿ ಮತ್ತೆ ಹೇಗೆ ಬರೆದಾನು? ಓನೋರ್ ವಣ್ಣೂರವೇ ಎಂಬುದು ನನ್ನ ನಿರ್ಣಯ.

ಹಾಳೆಯ ಮೇಲೆ ಈಗ ಸಾಂಬ್ರಾಣಿ, ಕಕ್ಕೇರಿ, ಇಟಗಿ, ವಣ್ಣೂರ, ಮಮದಾಪುರ, ಯಾದವಾಡ, ಮುಧೋಳ, ಗಲಗಲಿಗಳನ್ನು ಗೆರೆ ಎಳೆದು ಸೇರಿಸಿದರೆ, ಆ ಗೆರೆ ನೈಋತ್ಯದಿಂದ ಈಶಾನ್ಯಕ್ಕೆ ದೊಡ್ಡ ಕೊಂಕಿಲ್ಲದೆ ಓಡುತ್ತದೆ. ನೇರ ರೇಖೆಯಲ್ಲಿ ಸುಮಾರು 150 ಕಿಲೋಮೀಟರ್. ಒಂದು ಹೆಸರು ಕಾಕತಾಳೀಯವಾಗಿ ಹೊಂದಬಹುದು, ಎರಡು ಹೊಂದಬಹುದು. ಇಷ್ಟು ಹೆಸರುಗಳು ಹೇಳಿದ ಕ್ರಮದಲ್ಲೇ ಒಂದೇ ಗೆರೆಯ ಮೇಲೆ ಬಂದು ನಿಂತರೆ ಆ ಗೆರೆಯ ಮೇಲೆ ಮನುಷ್ಯ ನಡೆದಿದ್ದಾನೆ ಎಂದೇ ಅರ್ಥ. ಹಂಬೋಲ್ಟ್ ಮೆಕ್ಸಿಕೋದಲ್ಲಿ ಹೇಳಿದ್ದನ್ನು ಬೈಲಹೊಂಗಲದ ನೆಲವೂ ಹೇಳುತ್ತದೆ ಎಂದು ತಿಳಿದಾಗ ಆದ ಸಂತೋಷ ಹೇಳತೀರದು.

ಎದುರಿನ ವಾದವನ್ನೂ ಇಟ್ಟು ನೋಡಬೇಕು. ಕಿತ್ತೂರಿನ ಕಡೆಯಿಂದ ಮುಧೋಳಕ್ಕೆ ಇನ್ನೊಂದು ದಾರಿ ಇತ್ತು: ಸವದತ್ತಿ, ಮುನವಳ್ಳಿ, ತೊರಗಲ್ಲು, ರಾಮದುರ್ಗ, ಲೋಕಾಪುರ. ಸುತ್ತು ಹೆಚ್ಚು, ಆದರೆ ಕೋಟೆಗಳ ದಾರಿ ಅದು. ತೊರಗಲ್ಲು ಆದಿಲಶಾಹಿಯ ಕಾಲಕ್ಕೆ ಪ್ರಾಂತದ ಠಾಣೆ. ನೂರು ವರ್ಷಗಳ ನಂತರ ಬಂಡುಕೋರ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಬಂದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಹಾದದ್ದೂ ಈ ಸವದತ್ತಿಯ ಸೀಮೆಯನ್ನೇ. 1800ರ ಜುಲೈ 30ರಂದು ಮುನವಳ್ಳಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಅವನು ಧೋಂಡಿಯಾನ ಪಾಳೆಯದ ಮೇಲೆ ಬಿದ್ದ. ಸೈನ್ಯ ಒಯ್ಯುವವನಿಗೆ ಕೋಟೆ ಬೇಕು. ಒಬ್ಬ ಹೊರೆಯಾಳು, ಒಬ್ಬ ದುಭಾಷಿ ಕಟ್ಟಿಕೊಂಡು ಹೊರಟ ವಕೀಲನಿಗೆ ಬೇಕಾದದ್ದು ಹತ್ತಿರದ ದಾರಿ, ಜೊತೆಗೆ ಹೋಗುವ ಜನ. ಅವನ ಪಟ್ಟಿಯಲ್ಲಿ ತೊರಗಲ್ಲೂ ಇಲ್ಲ, ಸವದತ್ತಿಯೂ ಇಲ್ಲ, ರಾಮದುರ್ಗವೂ ಇಲ್ಲ. ಪುಸ್ತಕ ಮಾಡಿ ಹೆಸರು ಗಳಿಸುವ ಸುಳ್ಳುಗಾರನಾಗಿದ್ದರೆ ಕೋಟೆಯಿದ್ದ ಊರುಗಳನ್ನೇ ಆರಿಸಿಕೊಳ್ಳುತ್ತಿದ್ದ. ವಣ್ಣೂರವನ್ನು ಯಾರು ಆರಿಸುತ್ತಾರೆ?

ಜೊತೆಗೆ ಹೋಗುವ ಜನ ಎಂದೆ. ಅದು ಆ ದಾರಿಯ ಗುಟ್ಟು. ಔರಂಗಜೇಬ 1686ರಲ್ಲಿ ವಿಜಾಪುರವನ್ನು ಗೆದ್ದ ಮೇಲೆ ದಕ್ಷಿಣದಲ್ಲೇ ಬೀಡುಬಿಟ್ಟಿದ್ದ. 1692ರಿಂದ 1695ರ ತನಕ ಅವನ ದಂಡು ಗಲಗಲಿಯಲ್ಲಿತ್ತು. ಕರೇರಿಗೆ ಅಲ್ಲಿ ಸಿಕ್ಕ ಲೆಕ್ಕ ಇದು: ಪಾಳೆಯದ ಸುತ್ತಳತೆ 30 ಮೈಲಿ, 60,000 ಕುದುರೆ ಸವಾರರು, ಒಂದು ಲಕ್ಷ ಕಾಲಾಳು, ಸಾಮಾನು ಹೊರಲು 50,000 ಒಂಟೆ, 3,000 ಆನೆ, 250 ಬಾಜಾರುಗಳು. ಹೇಳಿದವರು ಎಷ್ಟು ಉಬ್ಬಿಸಿದ್ದರೂ ಸರಿಯೇ, ಅಂಥ ಬೀಡು ಮೂರು ವರ್ಷ ಒಂದೇ ಕಡೆ ಕೂತರೆ ಸುತ್ತಲ ನಾಡಿನ ಕಣಜಗಳು ಬರಿದಾಗಲೇಬೇಕು. ಜೋಳ, ಕಡಲೆ, ಹುಲ್ಲು, ಬೆಲ್ಲ, ಉಪ್ಪು ಎಲ್ಲ ಹೇರೆತ್ತುಗಳ ಮೇಲೆ ಅತ್ತ ಹರಿಯುತ್ತಿದ್ದವು. ಕರಾವಳಿಯ ಸರಕು ಘಟ್ಟ ಹತ್ತಿ ಪಾಳೆಯ ಸೇರಲು ಎಲ್ಲಕ್ಕಿಂತ ನೆಟ್ಟನೆಯ ದಾರಿ ನಮ್ಮ ಈ ಗೆರೆಯೇ. ವಣ್ಣೂರಿನ ಮೇಲೆ ಹಾದದ್ದು ಒಬ್ಬ ಪ್ರವಾಸಿಯಲ್ಲ. ಒಂದು ಸಾಮ್ರಾಜ್ಯದ ಹೊಟ್ಟೆಗೆ ಹೋಗುವ ಅನ್ನ.

ವಣ್ಣೂರಿಗೆ ಹೋದಾಗ ಹಳೆಯ ದಾರಿಗಳ ಬಗ್ಗೆ ಕೇಳಿದೆ. ಕಟ್ಟೆಯ ಮೇಲೆ ಕುಳಿತ ಹಿರಿಯರೊಬ್ಬರು ತಮ್ಮ ಹುಡುಗತನದಲ್ಲಿ ಗೋಕಾಕದ ಸಂತೆಗೆ ಬಂಡಿ ಹೊಡೆದವರು.

“ಅಜ್ಜಾರ, ಇಟಗಿ ಕಡೆಯಿಂದ ಬರೂ ಬಂಡಿ ಇಲ್ಲೇ ಇಳೀತಿದ್ದವ್ರಿ?”

“ಎತ್ತಿಗೆ ನೀರ ಎಲ್ಲಿ ಸಿಗತಾವು ಅಲ್ಲೇ ಇಳೀತಿದ್ವಿ ತಮ್ಮಾ. ಬ್ಯಾಸಿಗ್ಯಾಗ ಎಲ್ಲಾ ಹಳ್ಳ ಬತ್ತತಾವು. ಹೊತ್ತು ಮುಣಗೂದರೊಳಗ ನೀರಿನ ಊರು ಮುಟ್ಟಬೇಕು. ಇಲ್ಲಾಂದ್ರ ಎತ್ತ ಮಲಗತಾವು.”

“ರಾತ್ರಿ ಹೊಡೀತಿದ್ದಿರೇನ್ರಿ?”

“ಬೆಳದಿಂಗಳಿದ್ರ ಹೊಡೀತಿದ್ವಿ. ಅಮಾಸಿ ಸನೇಕ ಬಂದಾಗ ಯಾರ ಹೊಡೀತಾರ? ಕಳ್ಳರ ಕಾಟ.”

ಅಮಾವಾಸ್ಯೆಯ ಆ ಮಾತು ನನಗೆ ಪಂಚಾಂಗದ ಕಡೆ ಕೈ ತೋರಿಸಿತು. ಕರೇರಿ ಕ್ಯಾಥೊಲಿಕ್, ಅವನ ತಾರೀಖುಗಳು ಇಂದು ನಾವು ಬಳಸುವ ಕ್ಯಾಲೆಂಡರಿನವೇ. 1695ರಲ್ಲಿ ಈಸ್ಟರ್ ಭಾನುವಾರ ಏಪ್ರಿಲ್ 3ಕ್ಕೆ ಬಿದ್ದಿತ್ತು. ಈಸ್ಟರ್ ಬರುವುದು ವಸಂತದ ಹುಣ್ಣಿಮೆಯ ಮುಂದಿನ ಭಾನುವಾರ, ಎಂದರೆ ಆ ಹುಣ್ಣಿಮೆ ಮಾರ್ಚ್ ಕೊನೆಯ ದಿನಗಳಲ್ಲಿ. ನಮ್ಮ ಲೆಕ್ಕದಲ್ಲಿ ಅದು ಚೈತ್ರದ ಹುಣ್ಣಿಮೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಜನ ಬಂಡಿ ಕಟ್ಟುವ ದವನದ ಹುಣ್ಣಿಮೆ. ಅಲ್ಲಿಂದ ಹದಿನೈದು ದಿನ ಹಿಂದಕ್ಕೆ ಎಣಿಸಿದರೆ ಮಾರ್ಚ್ ನಡುವಿಗೆ ಯುಗಾದಿ. ಹಾಗಾದರೆ ಕರೇರಿ ಬೈಲಹೊಂಗಲದ ಸೀಮೆಯಲ್ಲಿ ಇದ್ದದ್ದು ಫಾಲ್ಗುಣ ಬಹುಳದ ಕೊನೆಯ ದಿನಗಳಲ್ಲಿ, ಭಾವ ಸಂವತ್ಸರ ಮುಗಿಯುತ್ತಿದ್ದಾಗ. ಶಕ 1617ರ ಯುವ ಸಂವತ್ಸರ ಹುಟ್ಟುವ ಹೊತ್ತಿಗೆ ಅವನು ಗಲಗಲಿಯ ಹತ್ತಿರ. ರಾತ್ರಿಗಳು ಕತ್ತಲೆ. ಹೊಲಗಳಲ್ಲಿ ಬಿಳಿಜೋಳ ಕೊಯ್ದು ತೆನೆ ಮುರಿಯುವ ಕಾಲ, ಎರೆ ನೆಲ ಬಿರಿದು ಕುದುರೆಯ ಕಾಲು ಸಿಗುವಷ್ಟು ಸೀಳು ಬಿಟ್ಟಿರುತ್ತದೆ. ಮಲಪ್ರಭೆಯನ್ನು ಮೊಳಕಾಲು ನೀರಿನಲ್ಲಿ ದಾಟಬಹುದಾದ ದಿನಗಳು. ಈ ಮಾತುಗಳು ಅವನ ಪುಸ್ತಕದವಲ್ಲ. ಈ ನಾಡಿನ ಮಾರ್ಚ್ ತಿಂಗಳನ್ನು ಕಂಡವರು ಅವನ ತಾರೀಖಿಗೆ ಜೋಡಿಸಬಹುದಾದವು.

ಆಗ ಕಿತ್ತೂರಿನಲ್ಲಿ ಯಾರಿದ್ದರು? ಚೆನ್ನಮ್ಮನ ಕಾಲಕ್ಕೆ ಇನ್ನೂ ನೂರು ವರ್ಷಗಳಿದ್ದವು. ವಿಜಾಪುರದ ಸೈನ್ಯದ ಜೊತೆ 1585ರಲ್ಲಿ ಬಂದ ಹಿರೇಮಲ್ಲ, ಚಿಕ್ಕಮಲ್ಲ ಎಂಬ ಅಣ್ಣತಮ್ಮಂದಿರು ಸಂಪಗಾವಿಯಲ್ಲಿ ನೆಲೆ ನಿಂತು ಸರದೇಶಮುಖಿ ಪಡೆದರು. ಮನೆತನದ ಐದನೆಯ ದೇಸಾಯಿ ಅಲ್ಲಪ್ಪಗೌಡ ಗಾದಿಯನ್ನು ಕಿತ್ತೂರಿಗೆ ತಂದ. ವಂಶಾವಳಿಯಲ್ಲಿ ಅವನ ನಂತರ ಬರುವವನು ಮುದಿಮಲ್ಲಪ್ಪಗೌಡ, 1691ರಿಂದ 1696. ಕರೇರಿ ಹಾದುಹೋದಾಗ ಈ ಸೀಮೆಯ ದೇಸಾಯಿ ಅವನೇ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕಿತ್ತೂರು ಸಂಸ್ಥಾನ ಸಾಹಿತ್ಯ’ವನ್ನು ತಿರುವಿದವರಿಗೆ ಗೊತ್ತು, ನಮ್ಮ ಬರಹದ ಬೆಳಕೆಲ್ಲ ಮಲ್ಲಸರ್ಜ, ಚೆನ್ನಮ್ಮ, ರಾಯಣ್ಣನ ಸುತ್ತ ಹರಡಿದೆ. ಹರಡಬೇಕಾದದ್ದೇ. 1824ರ ಅಕ್ಟೋಬರ್ 23ರಂದು ಕಂಪನಿ ಸರಕಾರದ ಕಲೆಕ್ಟರ್ ಥ್ಯಾಕರೆ ಬಿದ್ದ ಜಾಗವನ್ನು ಕಿತ್ತೂರಿನ ಮಕ್ಕಳು ಬೆರಳು ಮಾಡಿ ತೋರಿಸುತ್ತಾರೆ. ಮುದಿಮಲ್ಲಪ್ಪನನ್ನು ಕೇಳಿದರೆ ಹಿರಿಯರೂ ಸುಮ್ಮನಾಗುತ್ತಾರೆ. ವಿಜಾಪುರ ಬಿದ್ದು, ಮೊಗಲರು ತಲೆಯ ಮೇಲೆ ಕುಳಿತು, ಮರಾಠರು ನಾಲ್ಕೂ ಕಡೆ ಕುದುರೆ ಓಡಿಸುತ್ತಿದ್ದ ಆ ಐದು ವರ್ಷ ಸಂಸ್ಥಾನವನ್ನು ಉಳಿಸಿಕೊಂಡವನು ಅವನು. ಆ ಕಾಲದ ನಮ್ಮ ನಾಡಿಗೆ ಹೊರಗಿನ ಒಂದು ಕಣ್ಣಿನ ಸಾಕ್ಷಿ ಸಿಗುವುದಾದರೆ ಅದು ಕರೇರಿಯದು. ಊರುಗಳ ಪಟ್ಟಿಯಷ್ಟೇ ಇದ್ದರೂ ಅದು ಬೆಲೆಯುಳ್ಳದ್ದು: 1695ರಲ್ಲಿ ಇಟಗಿ, ವಣ್ಣೂರ, ಮಮದಾಪುರ ಜನವಿದ್ದ, ದಾರಿಹೋಕರು ಇಳಿಯುವ ಊರುಗಳಾಗಿದ್ದವು ಎಂದು ಅದು ಹೇಳುತ್ತದೆ.

ಗಲಗಲಿಯಲ್ಲಿ ನಡೆದದ್ದನ್ನು ಕರೇರಿ ಕೈತುಂಬ ಬರೆದಿದ್ದಾನೆ. ಮಾರ್ಚ್ 21, ಸೋಮವಾರ ಅವನಿಗೆ ಬಾದಶಹನ ಭೇಟಿ ಸಿಕ್ಕಿತು. ಔರಂಗಜೇಬನಿಗೆ ಆಗ 76 ತುಂಬಿತ್ತು. ಯಾವ ದೇಶದವನು, ಮನೆ ಬಿಟ್ಟು ಎಷ್ಟು ದಿನ ಆಯಿತು, ಏನು ನೋಡಿದೆ, ಇಲ್ಲಿಗೆ ಯಾಕೆ ಬಂದೆ, ಚಾಕರಿ ಬೇಕೇ ಎಂದು ಕೇಳಿದ. ಆಮೇಲೆ ಹಂಗೇರಿಯಲ್ಲಿ ತುರ್ಕರಿಗೂ ಯೂರೋಪಿನ ದೊರೆಗಳಿಗೂ ನಡೆಯುತ್ತಿರುವ ಯುದ್ಧದ ಸುದ್ದಿ ಕೇಳಿದ. ಕೃಷ್ಣೆಯ ದಂಡೆಯ ಡೇರೆಯೊಂದರಲ್ಲಿ ಕುಳಿತ ಮುದುಕ ಬಾದಶಹ ಡಾನ್ಯೂಬ್ ದಂಡೆಯ ಯುದ್ಧವನ್ನು ಕೇಳುತ್ತಾನೆ, ಉತ್ತರ ಕೊಡುವವನು ಆ ಯುದ್ಧರಂಗವನ್ನು ಕಂಡು ಬಂದವನೇ! ಈ ಘಟ್ಟವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ.

ಅದಾದ ಮೇಲೆ ಬಹಿರಂಗ ದರ್ಬಾರು. ಬಾದಶಹ ಕೋಲೂರಿಕೊಂಡು ಬಂದ. ಬಿಳಿಯ ಉಡುಪು, ಪೇಟದಲ್ಲಿ ನಾಲ್ಕು ಸಣ್ಣ ಪಚ್ಚೆಗಳ ನಡುವೆ ಒಂದು ದೊಡ್ಡ ಪಚ್ಚೆ. ಗಿಡ್ಡ ಆಳು, ದೊಡ್ಡ ಮೂಗು, ಸಣಕಲು ಮೈ, ವಯಸ್ಸಿಗೆ ಬಾಗಿದ ಬೆನ್ನು, ಗೋಧಿ ಬಣ್ಣದ ಮುಖದ ಮೇಲೆ ಎದ್ದು ಕಾಣುವ ಬಿಳಿಯ ಗಡ್ಡ. ಚಕ್ಕಳಮಕ್ಕಳ ಹಾಕಿ ಕುಳಿತು ಜನರ ಅರ್ಜಿಗಳನ್ನು ಕನ್ನಡಕವಿಲ್ಲದೆ ತಾನೇ ಓದಿ ತನ್ನ ಕೈಯಿಂದಲೇ ಷರಾ ಬರೆಯುತ್ತಿದ್ದ. ಆ ಕೆಲಸ ಅವನಿಗೆ ಇಷ್ಟವಾದದ್ದೆಂದು ಮುಖದ ನಗೆಯಿಂದ ತಿಳಿಯುತ್ತಿತ್ತು ಎಂದು ಕರೇರಿ ಬರೆದಿದ್ದಾನೆ. ಹಗೆಯೂ ಇಲ್ಲದ, ಹಂಗೂ ಇಲ್ಲದ ಒಬ್ಬ ಮನುಷ್ಯ ಬರೆದ ಚಿತ್ರ ಇದು. ಔರಂಗಜೇಬನ ಬಗ್ಗೆ ಬರೆಯುವ ಯಾವ ಪಂಗಡದವರೂ ಇದನ್ನು ಬಿಡುವುದಿಲ್ಲ. ಆದರೆ ಇದನ್ನು ಬರೆದವನು ಅಲ್ಲಿಗೆ ಯಾವ ಹಳ್ಳಿಗಳ ಮೇಲೆ ಬಂದ ಎಂಬುದನ್ನು ಯಾರೂ ಕೇಳುವುದಿಲ್ಲ. ಆ ವರ್ಷ ಮೇ ತಿಂಗಳ ಹೊತ್ತಿಗೆ ದಂಡು ಭೀಮೆಯ ದಂಡೆಯ ಬ್ರಹ್ಮಪುರಿಗೆ ಹೋಗಿಯಾಗಿತ್ತು. ಕರೇರಿ ಇನ್ನೆರಡು ತಿಂಗಳು ತಡಮಾಡಿದ್ದರೆ ಗಲಗಲಿಯ ದಾರಿಯನ್ನೇ ಹಿಡಿಯುತ್ತಿರಲಿಲ್ಲ, ವಣ್ಣೂರಿನ ಹೆಸರು ನೇಪಲ್ಸಿನಲ್ಲಿ ಅಚ್ಚಾಗುತ್ತಲೂ ಇರಲಿಲ್ಲ.

ಗೋವೆಗೆ ಮರಳಿ ಅವನು ಹಡಗು ಹತ್ತಿದ. ಮಲಾಕ್ಕಾ, ಮಕಾವ್, ಪೀಕಿಂಗ್. 1696ರಲ್ಲಿ ಮನಿಲಾದಿಂದ ಸ್ಪೇನಿನ ಗ್ಯಾಲಿಯನ್ ಹಡಗಿನಲ್ಲಿ ಪೆಸಿಫಿಕ್ ದಾಟಿದ. ನೆಲ ಮುಟ್ಟಲು 204 ದಿನ ಹಿಡಿಯಿತು. ಹುಳ ಹಿಡಿದ ರೊಟ್ಟಿ, ರೋಗ, ಬಿರುಗಾಳಿ. ಲೋಕದಲ್ಲಿ ಇದಕ್ಕಿಂತ ಭಯಂಕರ ಪಯಣ ಇಲ್ಲವೆಂದು ಬರೆದ. ಮೆಕ್ಸಿಕೋದಲ್ಲಿ ಸಿಗ್ವೆನ್ಸಾ ಎಂಬ ವಿದ್ವಾಂಸನ ಸ್ನೇಹ ಸಿಕ್ಕು, ಅಲ್ಲಿಯ ಮೂಲನಿವಾಸಿಗಳ ವಲಸೆಯ ಚಿತ್ರಪಟವೊಂದನ್ನು ತನ್ನ ಪುಸ್ತಕದಲ್ಲಿ ಅಚ್ಚು ಮಾಡಿಸಿದ. ನೇಪಲ್ಸಿಗೆ ಮರಳಿದ ಮೇಲೆ ಬದುಕಿನ ಉಳಿದ ಕಾಲು ಶತಮಾನ ಆ ಪುಸ್ತಕದ್ದೇ.

ಗೋವೆಯಿಂದ ಅವನ ಜೊತೆ ಹೊರೆ ಹೊತ್ತು ಬಂದವನು, ಮಾತು ತಿರುಗಿಸಲು ಬಂದವನು, ಇವರಿಬ್ಬರ ಹೆಸರನ್ನು ಮಾತ್ರ ಅವನು ಬರೆದಿಡಲಿಲ್ಲ. ನನಗೆ ಇದು ನೋವಿನ ಸಂಗತಿ. ವಣ್ಣೂರಿನಲ್ಲಿ ಕತ್ತಲಾಗುವ ಹೊತ್ತಿಗೆ ಊರವರ ಜೊತೆ ಮಾತಾಡಿ ನೀರು ಕೇಳಿದವರು, ಊರಿನ ಹೆಸರೇನೆಂದು ವಿಚಾರಿಸಿ ಅವನ ಕಿವಿಗೆ ಮುಟ್ಟಿಸಿದವರು ಇವರೇ ಆಗಿರಬೇಕು. ಓನೋರ್ ಎಂಬ ಅಕ್ಷರಗಳ ಹಿಂದೆ ಇರುವ ದನಿ ಕರೇರಿಯದಲ್ಲ, ಆ ದುಭಾಷಿಯದು.

ನಮ್ಮ ಕಡೆಯ ಪುರಾವೆ ಇನ್ನೂ ಹೊರಗೆ ಬರಬೇಕಾಗಿದೆ. ದಂಡಿಗೆ ಧಾನ್ಯ ಕೊಟ್ಟದ್ದು, ದಾರಿ ಸುಂಕ ಎತ್ತಿದ್ದು, ಹೇರೆತ್ತುಗಳನ್ನು ಹಾಯಿಸಿದ್ದು ಇವೆಲ್ಲ ಕುಲಕರ್ಣಿಗಳ, ದೇಸಾಯರ ದಫ್ತರಗಳಲ್ಲಿ ಬರೆದಿಡುವ ಸಂಗತಿಗಳು. ಇಟಗಿ, ಸಂಪಗಾವಿ, ನೇಸರಗಿ, ವಣ್ಣೂರ, ಮಮದಾಪುರ, ಯಾದವಾಡದ ಹಳೆಯ ಮನೆಗಳ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಮೋಡಿ ಕಾಗದಗಳಿದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ಅಥವಾ ಕಿತ್ತೂರಿನ ವಸ್ತುಸಂಗ್ರಹಾಲಯದಲ್ಲಿ ತೋರಿಸಿ. ಶಕ 1616ರ ಫಾಲ್ಗುಣ, ಶಕ 1617ರ ಚೈತ್ರ. ಹುಡುಕಬೇಕಾದ ತಿಂಗಳುಗಳು ಇವೆರಡು.